ಊರಿಗೆ ಹೋದ ಪಾರ್ಟು

"ಅಜ್ಜಾರೆ, ದುಡ್ಡು ಉಳಿಸೋದು ತಪ್ಪಾ?"

ಮಠದ ಅಡುಗೆಮನೆಯಲ್ಲಿ ಶಿಷ್ಯ ಕೊಟ್ರಯ್ಯ ಹೀಗೆ ಕೇಳಿದ. ಕೇಳುವಾಗ ಅವನ ಮೂಗಿನ ತುದಿಗೆ ಗ್ರೀಸು ಮೆತ್ತಿಕೊಂಡಿತ್ತು. ಗುರುಗಳು ಮೊದಲು ಆ ಮೂಗನ್ನು ನೋಡಿದರು. ಆಮೇಲೆ ಹಿಟ್ಟು ರುಬ್ಬುವ ಗ್ರೈಂಡರನ್ನು ನೋಡಿದರು. ಆಮೇಲೆ ತಲೆಯೆತ್ತಿ ತೊಲೆ ನೋಡಿದರು. ತೊಲೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಗ್ರೈಂಡರು ಹಿಂದಿನ ದಿನ ಕೆಟ್ಟಿತ್ತು. "ಮಿಸ್ತ್ರಿಯನ್ನು ಕರೆಸು" ಎಂದು ಗುರುಗಳು ಹೇಳಿದ್ದರು. "ಆಗಲಿ" ಎಂದು ಕೊಟ್ರಯ್ಯ ತಲೆ ಆಡಿಸಿದ್ದ. ತಲೆ ಆಡಿಸಿದವನು ನೇರ ಹೋಗಿ ಗ್ರೈಂಡರಿನ ಹೊಟ್ಟೆ ಬಿಚ್ಚಿಕೊಂಡು ಕುಳಿತಿದ್ದ. ಮೋಟರನ್ನು ಹಿಂದಕ್ಕೆ ಜಗ್ಗಿ ಬೆಲ್ಟನ್ನು ಬಿಗಿಯಾಗಿಡುವ ಸ್ಪ್ರಿಂಗೊಂದು ಮುರಿದಿತ್ತು. ಅದನ್ನು ಕಿತ್ತು ಎಸೆದ. ಆ ಜಾಗಕ್ಕೆ ಬಾವಿಹಗ್ಗದ ತುಂಡೊಂದನ್ನು ಕಟ್ಟಿದ. ಹಗ್ಗವನ್ನು ಯಾರಾದರೂ ಜಗ್ಗಿ ಹಿಡಿದರೆ ಬೆಲ್ಟು ಬಿಗಿಯಾಗುತ್ತದೆ, ಕಲ್ಲು ತಿರುಗುತ್ತದೆ. ಬಿಟ್ಟರೆ ನಿಲ್ಲುತ್ತದೆ.

"ಒಂದು ಚೂರು ಹಿಡ್ಕೊಳ್ಳಿ ಅಜ್ಜಾರೆ" ಎಂದು ಹಗ್ಗದ ತುದಿಯನ್ನು ಗುರುಗಳ ಕೈಗೆ ಕೊಟ್ಟಿದ್ದ. ಕೊಟ್ಟವನು ಕೈ ಒರೆಸಿಕೊಂಡು, ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತು, ಈ ತತ್ತ್ವದ ಪ್ರಶ್ನೆ ಕೇಳಿದ್ದ.

"ತಪ್ಪು ಅಂತ ಯಾರಪ್ಪ ಹೇಳಿದ್ದು?" ಎಂದರು ಗುರುಗಳು.

"ಬಾಯಲ್ಲಿ ಹೇಳಿಲ್ಲ. ಮುಖ ಹೇಳ್ತಾ ಇದೆ. ಮಿಸ್ತ್ರಿ ಬಂದಿದ್ರೆ ಸುಮ್ಮನೆ ದುಡ್ಡು ಸುರೀಬೇಕಿತ್ತು. ನಾನೇ ಮಾಡಿದೆ, ಬಿಡಿಗಾಸು ಖರ್ಚಿಲ್ಲ. ಅದಕ್ಕೂ ನೀವು ಹಾಗಲಕಾಯಿ ಅಗಿದವರ ಹಾಗೆ ಮುಖ ಮಾಡ್ಕೊಂಡ್ರೆ ಹೇಗೆ? ಮನೆ ಸಾಮಾನನ್ನ ಮನೆಯವರೇ ರಿಪೇರಿ ಮಾಡ್ಕೊಂಡ್ರೆ ಒಳ್ಳೇದಲ್ವಾ?"

ಗುರುಗಳು ನಿಟ್ಟುಸಿರು ಬಿಟ್ಟರು. ಕಲ್ಲು ಗರಗರ ತಿರುಗುತ್ತಿತ್ತು. ಅಕ್ಕಿ ನುಣ್ಣಗಾಗಲು ಇನ್ನೂ ಬಹಳ ಹೊತ್ತಿತ್ತು.

"ಕತೆ ಕೇಳು" ಎಂದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಪಾತ್ರೆ ಅಂಗಡಿ ಅವನದು. ಅಂಗಡಿಗೆ ಬಂದವರಿಗೆ "ಹಳೇದನ್ನ ಯಾಕೆ ಇಟ್ಕೊಂಡು ಒದ್ದಾಡ್ತೀರಿ, ಹೊಸದು ತಗೊಳ್ಳಿ" ಎನ್ನುತ್ತಿದ್ದ. ಮನೆಗೆ ಬಂದರೆ ಹೊಸದು ಎಂಬ ಮಾತೆತ್ತಿದರೂ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಮನೆಯಲ್ಲಿ ಏನೇ ಕೆಟ್ಟರೂ ತಾನೇ ರಿಪೇರಿ ಮಾಡುತ್ತಿದ್ದ. ಅದಕ್ಕೆಂದು ಒಂದು ತಗಡಿನ ಡಬ್ಬಿ ಇಟ್ಟುಕೊಂಡಿದ್ದ. ಡಬ್ಬಿಯಲ್ಲಿ ಒಂದು ಸ್ಕ್ರೂಡ್ರೈವರು, ಒಂದು ಇಕ್ಕಳ, ಸುತ್ತಿಗೆ, ಕಪ್ಪು ಟೇಪು. ಇವುಗಳ ಜೊತೆ ಮುಷ್ಟಿಗಟ್ಟಲೆ ಸ್ಕ್ರೂಗಳು. ಆ ಸ್ಕ್ರೂಗಳನ್ನು ಅವನು ಕೊಂಡಿರಲಿಲ್ಲ. ಬಿಚ್ಚಿದ ಸಾಮಾನನ್ನು ಮತ್ತೆ ಜೋಡಿಸಿದ ಮೇಲೆ ನೆಲದಲ್ಲಿ ಉಳಿದವು ಅವು. ಅವನ್ನೂ ಅವನು ಉಳಿತಾಯದ ಲೆಕ್ಕಕ್ಕೇ ಹಿಡಿದಿದ್ದ.

"ಕಂಪನಿಯವರಿಗೆ ಬುದ್ಧಿ ಇಲ್ಲ. ಬೇಡದಿದ್ದರೂ ತುರುಕ್ತಾರೆ" ಎನ್ನುತ್ತಿದ್ದ.

ಅವನ ಹೆಂಡತಿ ಏನೂ ಅನ್ನುತ್ತಿರಲಿಲ್ಲ. ಅಂದರೆ, ಮೊದಮೊದಲು.

"ಅವಳ ಹೆಸರೇನು ಅಜ್ಜಾರೆ?" ಎಂದು ಕೊಟ್ರಯ್ಯ ನಡುವೆ ಬಾಯಿ ಹಾಕಿದ.

"ಆ ಮನೆಯಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. 'ಲೇ, ಇದನ್ನ ಹಿಡ್ಕೋ' ಅನ್ನೋದೇ ಅವಳ ಹೆಸರು. ಸುಮ್ಮನೆ ಕೇಳು."

ಮೊದಲು ಕೆಟ್ಟದ್ದು ಮಿಕ್ಸಿ. ಜಾರು ಅಲುಗಾಡದಂತೆ ಕಚ್ಚಿ ಹಿಡಿಯುವ ಕೊಂಡಿ ಮುರಿದಿತ್ತು. ವ್ಯಾಪಾರಿ ಅಂಗಡಿಗೆ ಹೋಗಲಿಲ್ಲ. ಮಿಕ್ಸಿಯನ್ನು ಬಿಚ್ಚಿದ, ಊದಿದ, ಮುಚ್ಚಿದ. "ನೋಡು, ಎಡಗೈಯಲ್ಲಿ ಜಾರನ್ನ ಒತ್ತಿ ಹಿಡ್ಕೋ. ಬಲಗೈಯಲ್ಲಿ ತಿರುಗಿಸು. ಹೊಟ್ಟೆಯನ್ನ ಕಟ್ಟೆಗೆ ಆನಿಸ್ಕೋ, ಇಲ್ಲದಿದ್ರೆ ಅದು ನಡ್ಕೊಂಡು ಹೋಗುತ್ತೆ" ಎಂದು ತೋರಿಸಿದ. ಹೆಂಡತಿ ಹಿಡಿದಳು, ಒತ್ತಿದಳು, ಆನಿಸಿಕೊಂಡಳು. ಚಟ್ನಿ ಆಯಿತು. ವ್ಯಾಪಾರಿ ಬೆರಳಲ್ಲಿ ಚಟ್ನಿ ನೆಕ್ಕಿ, "ಮುಗೀತಲ್ಲ, ಇದಕ್ಕೆ ದುಡ್ಡು ಕೊಡಬೇಕಿತ್ತಾ?" ಎಂದ.

ಚಟ್ನಿ ತಿಂದವನಿಗೆ ಹಾಗೆ ಅನ್ನಿಸುವುದು ಸಹಜ. ಆಮೇಲೆ ಅವಳ ಎಡಗೈ ಊಟದ ಹೊತ್ತಿನಲ್ಲೂ ನಡುಗುತ್ತಿತ್ತು. ಎಡಗೈಯಲ್ಲಿ ಯಾರೂ ಉಣ್ಣುವುದಿಲ್ಲವಾದ್ದರಿಂದ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಆಮೇಲೆ ಬಟ್ಟೆ ಒಗೆಯುವ ಯಂತ್ರ. ಬಟ್ಟೆ ಹಿಂಡುವ ಹೊತ್ತಿಗೆ ಅದು ಕರು ಬಿಟ್ಟ ಎಮ್ಮೆಯ ಹಾಗೆ ಎಗರಾಡತೊಡಗಿತು. ವ್ಯಾಪಾರಿ ಅದನ್ನೂ ಬಿಚ್ಚಿದ. ಈ ಸಲ ಸ್ಕ್ರೂಗಳ ಜೊತೆ ಒಂದು ಕಬ್ಬಿಣದ ಬಿಲ್ಲೆಯೂ ಉಳಿಯಿತು. ಯಂತ್ರ ಇನ್ನೂ ಜೋರಾಗಿ ಎಗರಿತು. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಮೇಲೆ ಕೂತ್ಕೋ" ಎಂದ.

"ಯಾರು?" ಎಂದಳು ಹೆಂಡತಿ.

"ನಾನು ಅಂಗಡಿಗೆ ಹೋಗಬೇಕಲ್ಲ" ಎಂದ.

ಅವಳು ಕುಳಿತಳು. ವಾರಕ್ಕೊಂದು ಸಲ, ಆ ಯಂತ್ರದ ಮೇಲೆ, ಕಾಲು ಇಳಿಬಿಟ್ಟುಕೊಂಡು, ಹಲ್ಲು ಕಟಕಟ ಎನ್ನಿಸಿಕೊಂಡು. ಪಕ್ಕದ ಮನೆಯಾಕೆ ಕಿಟಕಿಯಿಂದ ನೋಡಿ, "ಎಲ್ಲಿಗೆ ಸವಾರಿ?" ಎಂದು ಕೇಳುತ್ತಿದ್ದಳು. ಇವಳು ಉತ್ತರ ಕೊಡಲು ಬಾಯಿ ತೆರೆದರೆ ಯಂತ್ರದ ಕುಣಿತಕ್ಕೆ ಒಂದು ಅಕ್ಷರ ನಾಲ್ಕಾಗಿ ಹೊರಬರುತ್ತಿತ್ತು.

ಇಸ್ತ್ರಿ ಪೆಟ್ಟಿಗೆ ಕೆಟ್ಟಿತು. ವಯರನ್ನು ಮೇಲಕ್ಕೆತ್ತಿ ಹಿಡಿದರೆ ಮಾತ್ರ ಬಿಸಿಯಾಗುತ್ತಿತ್ತು. ಅವಳು ವಯರನ್ನು ಹೆಗಲ ಮೇಲೆ ಹಾಕಿಕೊಂಡು, ಕತ್ತು ವಾಲಿಸಿ ಅದನ್ನು ಅಮುಕಿಕೊಂಡು, ಗಂಡನ ಅಂಗಿಗಳಿಗೆ ಇಸ್ತ್ರಿ ಹಾಕಿದಳು. ಕತ್ತು ಹಾಗೇ ವಾಲಿಕೊಂಡಿತು. ದೇವಸ್ಥಾನದಲ್ಲಿ ಪೂಜಾರಿ, "ಏನಮ್ಮ, ದೇವರನ್ನ ಓರೆಗಣ್ಣಲ್ಲಿ ನೋಡ್ತೀರಿ?" ಎಂದ.

ಫ್ಯಾನು ತಾನಾಗಿ ತಿರುಗಲು ಮರೆಯಿತು. ಸ್ವಿಚ್ಚು ಹಾಕಿ ಪೊರಕೆಯ ಹಿಡಿಯಿಂದ ಮೊದಲ ಸುತ್ತು ತಿರುಗಿಸಿಕೊಟ್ಟರೆ ಆಮೇಲೆ ನೆನಪು ಬರುತ್ತಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ವ್ಯಾಪಾರಿ ಮಲಗಿದ್ದಲ್ಲಿಂದಲೇ, "ಲೇ, ಪೊರಕೆ" ಎನ್ನುತ್ತಿದ್ದ.

ಕೊನೆಗೆ ನೀರಿನ ಪಂಪು. ಅದರ ಸ್ವಿಚ್ಚು ಹಾಕಿದರೆ ಹತ್ತುತ್ತಿತ್ತು. ಆರಿಸಿದರೆ ಆರುತ್ತಿರಲಿಲ್ಲ. ವ್ಯಾಪಾರಿ ಅದನ್ನೂ ಬಿಚ್ಚಿ ಕೂರಿಸಿದ. ಅಂದಿನಿಂದ ಪಂಪು ನಿಲ್ಲಬೇಕಾದರೆ ಬೋರ್ಡಿನ ಪಕ್ಕದ ಗೋಡೆಗೆ ಅಂಗೈಯಿಂದ ಗುದ್ದಬೇಕು. ಎಲ್ಲಿ ಗುದ್ದಬೇಕು, ಎಷ್ಟು ಜೋರಾಗಿ ಗುದ್ದಬೇಕು ಎನ್ನುವುದು ಹೆಂಡತಿಗೆ ಮಾತ್ರ ಗೊತ್ತಾಯಿತು. ಗುದ್ದಿ ಗುದ್ದಿ ಗೊತ್ತಾಯಿತು.

ಇಷ್ಟಾದರೂ ಊರಿನಲ್ಲಿ ವ್ಯಾಪಾರಿಗೆ ಒಳ್ಳೆಯ ಹೆಸರು. ಅದೇ ಅವಳ ಹೊಟ್ಟೆ ಉರಿಸುತ್ತಿದ್ದದ್ದು. ಮದುವೆ ಮುಂಜಿಗೆ ಹೋದರೆ ಹೆಂಗಸರು ಅವಳನ್ನು ಸುತ್ತುಗಟ್ಟುತ್ತಿದ್ದರು. "ನಿಮ್ಮವರ ಕೈ ಬಂಗಾರ ಬಿಡಿ. ನಮ್ಮವರೂ ಇದ್ದಾರೆ, ಬಲ್ಬು ಹಾಕೋಕೂ ಮಿಸ್ತ್ರಿ ಬೇಕು. ನೀವು ಪುಣ್ಯ ಮಾಡಿದ್ರಿ." ಅವಳು ವಾಲಿದ ಕತ್ತಿನಲ್ಲೇ ನಗುತ್ತಿದ್ದಳು. ಮನೆಗೆ ಬಂದು ಪಾತ್ರೆಗಳನ್ನು ಒಂದರ ಮೇಲೊಂದು ಕುಕ್ಕುತ್ತಿದ್ದಳು. ವ್ಯಾಪಾರಿ ಒಳಗಿಂದ, "ಮೆತ್ತಗೆ ಇಡು, ನಗ್ಗಿದ್ರೆ ನಾನೇ ಸರಿಮಾಡಬೇಕು" ಎನ್ನುತ್ತಿದ್ದ. ಅದನ್ನು ಕೇಳಿ ಅವಳು ಕುಕ್ಕುವುದನ್ನೂ ನಿಲ್ಲಿಸಿಬಿಡುತ್ತಿದ್ದಳು.

ಇಲ್ಲಿಗೆ ಬಂದಾಗ ಗುರುಗಳು ಕುಕ್ಕಿದ್ದನ್ನು ತೋರಿಸಲು ಎರಡೂ ಕೈ ಎತ್ತಿದರು. ಹಗ್ಗ ಸಡಿಲವಾಯಿತು. ಕಲ್ಲು ಕುಯ್ ಎಂದು ನಿಂತಿತು.

"ಅಜ್ಜಾರೆ, ಹಗ್ಗ!" ಎಂದು ಕೊಟ್ರಯ್ಯ ಕೂಗಿದ.

"ಹ್ಞೂ" ಎಂದರು ಗುರುಗಳು. ಜಗ್ಗಿ ಹಿಡಿದರು. ಕಲ್ಲು ತಿರುಗಿತು. ಕತೆಯೂ ಮುಂದುವರಿಯಿತು.

ಆ ಹೆಂಡತಿಗೆ ತವರಿನಲ್ಲಿ ಒಬ್ಬನೇ ತಮ್ಮ. ಅವನಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಈಗ ಹೆಣ್ಣು ಕೂಸು ಹುಟ್ಟಿತ್ತು. ಹೆಸರಿಡುವ ದಿನ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಕೂಸನ್ನು ಎತ್ತಿಕೊಂಡು, ಕಿವಿಯಲ್ಲಿ ಕುರ್ರ್ ಎಂದು ಊದಿ, ಹೆಸರು ಹೇಳಬೇಕು. ಕಿವಿಗೆ ಮಾತು ಬಿದ್ದ ಕ್ಷಣ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅದು ಶಾಸ್ತ್ರ. ಅತ್ತೆ ಇಲ್ಲದೆ ಹೆಸರಿಲ್ಲ.

"ಅಕ್ಕಾ, ಅಮ್ಮನ ಹೆಸರೇ ಇಡೋಣ" ಎಂದು ತಮ್ಮ ಫೋನಿನಲ್ಲಿ ಹೇಳಿದ. ಅವರ ತಾಯಿ ತೀರಿಕೊಂಡಿದ್ದಳು. ಅವಳ ಹೆಸರು ಮಂದಾಕಿನಿ. "ನೀನು ಹೇಳಿದ್ರೇನೇ ಅದು ಅಮ್ಮನ ಹೆಸರು. ತಪ್ಪಿಸಬೇಡ."

ಅವಳು ಒಲೆಯ ಮುಂದೆ ನಿಂತು ಆ ಹೆಸರನ್ನು ಮೆಲ್ಲಗೆ ಹೇಳಿ ನೋಡಿದಳು. ತಾಯಿ ಹೋದ ಮೇಲೆ ಆ ಹೆಸರನ್ನು ಬಾಯಿಬಿಟ್ಟು ಹೇಳುವ ಪ್ರಸಂಗ ಅವಳಿಗೆ ಬಂದಿರಲಿಲ್ಲ. ಮತ್ತೊಮ್ಮೆ ಹೇಳಿದಳು. ಮಿಕ್ಸಿಯನ್ನು ಅಮುಕಿ ಹಿಡಿದುಕೊಂಡೂ ಹೇಳಿದಳು. ಬಟ್ಟೆ ಯಂತ್ರದ ಮೇಲೆ ಕುಳಿತು ಕುಲುಕುತ್ತಲೂ ಹೇಳಿದಳು.

ಸಂಜೆ ಗಂಡನಿಗೆ ವಿಷಯ ತಿಳಿಸಿದಳು. ವ್ಯಾಪಾರಿಯ ಮುಖ ಇಳಿಯಿತು.

"ನೀನು ಹೋದ್ರೆ ಮಿಕ್ಸಿ?" ಎಂದ.

"ನೀವೇ ರಿಪೇರಿ ಮಾಡಿದ್ದಲ್ವಾ? ನಡೆಸಿ."

"ನಾನು ರಿಪೇರಿ ಮಾಡೋನು. ನಡೆಸೋದು ನನಗೆಲ್ಲಿ ಗೊತ್ತು?"

ಅವಳು ಅವನನ್ನು ನೋಡಿದಳು. ಗೋಡೆಗೆ ಹಣೆ ಚಚ್ಚಿಕೊಳ್ಳಬೇಕು ಎನಿಸಿತು. ಚಚ್ಚಿಕೊಂಡರೆ ಓಡುತ್ತಿದ್ದ ಪಂಪು ನಿಂತುಬಿಟ್ಟೀತು ಎಂದು ಸುಮ್ಮನಾದಳು.

ಹೊರಡುವ ಹಿಂದಿನ ದಿನ ಅವನ ಕೈ ಹಿಡಿದು ಮನೆಯೆಲ್ಲ ತಿರುಗಿಸಿದಳು. ಇದನ್ನು ಹೀಗೆ ಒತ್ತಿ. ಇದರ ಮೇಲೆ ಹೀಗೆ ಕುಳಿತುಕೊಳ್ಳಿ. ಇಲ್ಲಿ ಗುದ್ದಿ, ಗುದ್ದಿದ ಮೇಲೆ ಕೈ ತೆಗೆಯಬೇಡಿ, ಹಾಗೇ ಒತ್ತಿ ಹಿಡಿಯಿರಿ. ವ್ಯಾಪಾರಿ ಎಲ್ಲದಕ್ಕೂ "ಗೊತ್ತು, ಗೊತ್ತು" ಎಂದ. "ಇವನ್ನೆಲ್ಲ ಬಿಚ್ಚಿ ಕೂರಿಸಿದ್ದು ಯಾರು? ನನಗೇ ಹೇಳಿಕೊಡ್ತೀಯಾ?" ಎಂದು ನಕ್ಕ. ಅವಳಿಗೆ ಇನ್ನೊಮ್ಮೆ ಹೇಳುವ ತಾಳ್ಮೆ ಉಳಿದಿರಲಿಲ್ಲ. ಸೀರೆ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಇಸ್ತ್ರಿ ಹಾಕಲಿಲ್ಲ. ಕತ್ತು ನೆಟ್ಟಗಿಟ್ಟುಕೊಂಡು ಹೋಗಬೇಕು ಎಂದು ಅವಳಿಗೆ ಆಸೆ.

ಬೆಳಗಿನ ಬಸ್ಸಿಗೆ ಹೊರಟಳು. ತವರು ಮುಟ್ಟಿದಳು. ತೊಟ್ಟಿಲಿಗೆ ಹೂವು ಕಟ್ಟಿದ್ದರು. ಹೆಂಗಸರು ಸೇರಿದ್ದರು. ಕೂಸನ್ನು ತೊಟ್ಟಿಲ ಕೆಳಗಿಂದ ಮೇಲಕ್ಕೆ ದಾಟಿಸಿ, ತಂದು ಅವಳ ಕೈಗೆ ಕೊಟ್ಟರು. ಕೂಸು ಬೆಚ್ಚಗಿತ್ತು. ಎಡಗೈಗೆ ಭಾರವೇ ಅನಿಸಲಿಲ್ಲ. ತಮ್ಮ ಎದುರಿಗೇ ನಿಂತಿದ್ದ, ಕಣ್ಣು ತುಂಬಿಕೊಂಡಿದ್ದ.

ಅತ್ತ ಮನೆಯಲ್ಲಿ ವ್ಯಾಪಾರಿ ಪಂಪು ಹಾಕಿದ್ದ. ತೊಟ್ಟಿ ತುಂಬಿತು. ಪಂಪು ನಿಲ್ಲಲಿಲ್ಲ. ಗೋಡೆಗೆ ಗುದ್ದಿದ. ನಿಲ್ಲಲಿಲ್ಲ. ಇನ್ನೊಂದು ಕಡೆ ಗುದ್ದಿದ. ದೇವರ ಪಟ ಬಿತ್ತು. ಪಂಪು ನಿಲ್ಲಲಿಲ್ಲ. ತೊಟ್ಟಿಯಿಂದ ಉಕ್ಕಿದ ನೀರು ಧೋ ಎಂದು ಪಕ್ಕದ ಮನೆಯ ಅಂಗಳಕ್ಕೆ ಸುರಿಯಿತು. ಆ ಅಂಗಳದಲ್ಲಿ ಪಕ್ಕದ ಮನೆಯಾಕೆ ವರ್ಷಕ್ಕಾಗುವಷ್ಟು ಹಪ್ಪಳ ಒಣಹಾಕಿದ್ದಳು. ಅವಳು ಕಿರುಚಿದ ದನಿಗೆ ಬೀದಿಯ ಕೊನೆಯ ನಾಯಿಯೂ ಎದ್ದು ಬಂತು.

ವ್ಯಾಪಾರಿ ಫೋನು ತೆಗೆದುಕೊಂಡ.

ಅವಳ ಫೋನು ಸೊಂಟದಲ್ಲಿತ್ತು. ಮೊದಲ ಸಲ ಬಡಿದುಕೊಂಡಾಗ ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಅದು ನಿಲ್ಲಲಿಲ್ಲ. "ಏನಾಯ್ತೋ ಏನೋ, ಎತ್ತಮ್ಮ" ಎಂದು ಯಾರೋ ಮುದುಕಿ ಅವಳ ಸೊಂಟದಿಂದ ಫೋನು ಕಿತ್ತು, ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿದಳು. ವಾಲಿದ ಕತ್ತು ಅದನ್ನು ತಾನಾಗಿಯೇ ಅಮುಕಿ ಹಿಡಿಯಿತು. ರೂಢಿ. ಅವಳು ಆಗಲೇ ಕೂಸಿನ ಕಿವಿಯ ಹತ್ತಿರ ಬಾಯಿ ತಂದು ಕುರ್ರ್ ಎಂದು ಊದಿದ್ದಳು. ಹೆಸರು ನಾಲಿಗೆಯ ತುದಿಯಲ್ಲಿತ್ತು.

"ನಿಲ್ತಾ ಇಲ್ಲ ಕಣೇ! ಹಪ್ಪಳ ಎಲ್ಲ ತೇಲ್ತಾ ಇದೆ! ಎಲ್ಲಿ ಗುದ್ದೋದು?" ಎಂದು ಫೋನಿನೊಳಗಿನಿಂದ ಗಂಡ ಅರಚಿದ.

ವರ್ಷಗಟ್ಟಲೆ ಆ ದನಿಗೆ ಅವಳ ಮೈ ಯೋಚನೆಯಿಲ್ಲದೆ ಓಗೊಟ್ಟಿತ್ತು. ಈಗಲೂ ಓಗೊಟ್ಟಿತು.

"ಎಡಗಡೆ ಗೋಡೆಗೆ ಗುದ್ದಿ ಹಿಡ್ಕೊಳ್ಳಿ!" ಎಂದಳು.

ಕೂಸಿನ ಕಿವಿಯಲ್ಲಿ ಎಂದಳು.

ಕಿವಿಗೆ ಮಾತು ಬಿತ್ತು. ಶಾಸ್ತ್ರದ ಪ್ರಕಾರ ಹೆಂಗಸರ ಕೈಗಳೂ ಅವಳ ಬೆನ್ನಿಗೆ ಬಿದ್ದವು. ಆಮೇಲೆ ಅವಳು ಹೇಳಿದ್ದೇನೆಂದು ಅವರಿಗೆ ಹೊಳೆಯಿತು. ಒಬ್ಬಳು ಕಿಸಕ್ಕೆಂದಳು. ಮನೆಯೆಲ್ಲ ನಗುವೋ ನಗು. "ಹೆಸರು ಚೆನ್ನಾಗಿದೆ, ಶಾಲೆಗೆ ಸೇರಿಸೋವಾಗ ಬರೆಯೋಕೆ ಜಾಗ ಸಾಲಲ್ಲ" ಎಂದಳು ಇನ್ನೊಬ್ಬಳು. ಕೂಸು ಬೆಚ್ಚಿ ಎದ್ದು ಚೀರತೊಡಗಿತು. ತಮ್ಮ ನಗಲಿಲ್ಲ. ಬೈಯಲೂ ಇಲ್ಲ. ಕಣ್ಣೊರೆಸಿಕೊಂಡು ಆಚೆ ಹೋದ.

ಅವಳು ಫೋನನ್ನು ಕೆಳಕ್ಕೆ ಬೀಳಿಸಿದಳು. ಕೂಸಿನ ಕಿವಿಗೆ ಮತ್ತೆ ಊದಿದಳು. "ಮಂದಾಕಿನಿ" ಎಂದಳು. ಕೂಸು ಅಳುತ್ತಿತ್ತು. ಹೆಂಗಸರು ನಗುತ್ತಿದ್ದರು. ಆ ಹೆಸರು ಯಾರಿಗೂ ಕೇಳಿಸಲಿಲ್ಲ. ಬೆನ್ನಿಗೆ ಯಾರೂ ಗುದ್ದಲಿಲ್ಲ.

ಸಂಜೆಯ ಬಸ್ಸಿಗೆ ಅವಳು ಹಿಂದಿರುಗಬೇಕಿತ್ತು. ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ.

ಒಂದು ಬೆಳಿಗ್ಗೆ ತಮ್ಮನ ಹೆಂಡತಿ ಬಾಣಂತಿ ಕೋಣೆಯಲ್ಲಿದ್ದಳು. ಅಡುಗೆಮನೆಯಲ್ಲಿ ಇವಳೇ ಚಟ್ನಿಗೆ ಹಾಕಿದಳು. ಮಿಕ್ಸಿಯ ಮುಂದೆ ನಿಂತಳು. ಎಡಗೈಯಲ್ಲಿ ಜಾರನ್ನು ಒತ್ತಿ ಹಿಡಿದಳು. ಹೊಟ್ಟೆಯನ್ನು ಕಟ್ಟೆಗೆ ಆನಿಸಿದಳು. ಹಲ್ಲು ಕಚ್ಚಿಕೊಂಡು ತಿರುಗಿಸಿದಳು.

ತಮ್ಮನ ಹೆಂಡತಿ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಒಂದು ಗಳಿಗೆ ನೋಡಿದಳು.

"ಅಕ್ಕಾ, ಯಾಕೆ ಅದರ ಜೊತೆ ಕುಸ್ತಿ ಆಡ್ತಿದ್ದೀರಿ? ಕೈ ಬಿಡಿ. ಅದು ತಾನೇ ತಿರುಗುತ್ತೆ."

ಅವಳು ನಂಬಲಿಲ್ಲ. ಒಂದು ಬೆರಳು ಎತ್ತಿದಳು. ಇನ್ನೊಂದು ಎತ್ತಿದಳು. ಪೂರ್ತಿ ಕೈ ಎತ್ತಿದಳು. ಒಂದು ಹೆಜ್ಜೆ ಹಿಂದೆ ಸರಿದಳು. ಮಿಕ್ಸಿ ನಿಂತಲ್ಲೇ ನಿಂತು ತಿರುಗುತ್ತಿತ್ತು. ಚಟ್ನಿ ಆಗುತ್ತಿತ್ತು. ಅವಳು ತನ್ನ ಖಾಲಿ ಎಡಗೈಯನ್ನು ನೋಡಿಕೊಂಡಳು. ಅದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಕೊನೆಗೆ ಕೂಸಿನ ತಲೆಯ ಮೇಲಿಟ್ಟಳು.

ಅಷ್ಟರಲ್ಲಿ ವ್ಯಾಪಾರಿ ಬಂದ.

ಅಂಗಿ ಮುದುಡಿತ್ತು. ಅಂಗಿಯ ಮೇಲೆ ಚಟ್ನಿಯ ಕಲೆಗಳಿದ್ದವು, ಕೆಲವು ಹಿಂಭಾಗದಲ್ಲಿ. ಚಟ್ನಿ ಬೆನ್ನಿಗೆ ಹೇಗೆ ಸಿಡಿಯಿತೋ ಅವನಿಗೂ ಗೊತ್ತಿರಲಿಲ್ಲ. ಕಂಕುಳಲ್ಲಿ ತಗಡಿನ ಡಬ್ಬಿ ಇತ್ತು.

"ಮನೆ ನಿಂತುಬಿಟ್ಟಿದೆ" ಎಂದ. "ಮಿಕ್ಸಿ ಇಲ್ಲ, ಫ್ಯಾನಿಲ್ಲ, ಪಂಪು ಹಾಕೋಕೆ ಭಯ, ನೀರೂ ಇಲ್ಲ. ನೀನಿದ್ದಾಗ ಎಲ್ಲ ಎಷ್ಟು ಚೆನ್ನಾಗಿ ನಡೀತಿತ್ತು! ನಾನೂ ಬಿಚ್ಚಿ ಬಿಚ್ಚಿ ನೋಡಿದೆ. ಏನು ಕೆಟ್ಟಿದೆ ಅಂತಾನೇ ಸಿಗ್ತಾ ಇಲ್ಲ."

"ಏನೂ ಕೆಟ್ಟಿಲ್ಲ" ಎಂದಳು ಅವಳು. "ಒಂದು ಪಾರ್ಟು ಊರಿಗೆ ಬಂದಿದೆ."

ವ್ಯಾಪಾರಿಯ ಮುಖ ಅರಳಿತು.

"ಅದೇ ಅಂದ್ಕೊಂಡೆ! ಯಾವುದೋ ಒಂದು ಪಾರ್ಟು ಕಳೆದಿದೆ ಅಂತ" ಎಂದವನೇ ಪಡಸಾಲೆಯಲ್ಲಿ ಕುಳಿತು, ಡಬ್ಬಿಯನ್ನು ನೆಲಕ್ಕೆ ಬೋರಲು ಹಾಕಿ, ಉಳಿತಾಯದ ಸ್ಕ್ರೂಗಳ ರಾಶಿಯಲ್ಲಿ ಹುಡುಕತೊಡಗಿದ.

ಅವಳು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲೆ? ಅವಳು ವಾಪಸ್ ಹೋದಳಾ?" ಎಂದು ಕೊಟ್ರಯ್ಯ ಕೇಳಿದ.

"ಹೋದಳು. ಮೊದಲು ಮಿಸ್ತ್ರಿ ಹೋದ, ಆಮೇಲೆ ಅವಳು ಹೋದಳು. ಅವಳ ಹೆಸರು ಕೇಳಿದೆಯಲ್ಲ? ಚಂಪಾವತಿ. ಆ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಾದದ್ದು ಆಮೇಲೆಯೇ."

ಕೊಟ್ರಯ್ಯ ತೊಡೆ ತಟ್ಟಿಕೊಂಡು ನಕ್ಕ. ಗ್ರೀಸು ಮೂಗಿನಿಂದ ಕೆನ್ನೆಗೆ ಹರಡಿತು.

"ಎಂಥ ಪೆದ್ದ ಇರಬೇಕು ಅಜ್ಜಾರೆ ಆ ವ್ಯಾಪಾರಿ! ಒಂದು ಕೊಂಡಿ, ಒಂದು ಸ್ಪ್ರಿಂಗು ತಂದು ಹಾಕಿದ್ರೆ ಮುಗೀತಿತ್ತು. ಆ ಜಾಗಕ್ಕೆ ಕಟ್ಟಿಕೊಂಡ ಹೆಂಡತಿಯನ್ನೇ ಸಿಕ್ಕಿಸಿ, ದುಡ್ಡು ಉಳೀತು ಅಂತ ಕುಣೀತಾನಲ್ಲ! ಪಕ್ಕದಲ್ಲೇ ಒಬ್ಬ ಮನುಷ್ಯ ಕಷ್ಟಪಡ್ತಿರೋದು ಕಣ್ಣಿಗೆ ಕಾಣಲ್ವಾ? ಇಂಥವರೂ ಇರ್ತಾರಾ?"

ಕಲ್ಲು ಗರಗರ ತಿರುಗುತ್ತಲೇ ಇತ್ತು.

"ಕೊಟ್ರಯ್ಯ, ಹಿಟ್ಟು ನುಣ್ಣಗಾಯಿತೇನು ನೋಡಪ್ಪ, ನನ್ನ ಕೈ ಜೋಮು ಹಿಡಿದಿದೆ" ಎಂದರು ಗುರುಗಳು.

ಕೊಟ್ರಯ್ಯ ಎದ್ದು ಗುರುಗಳ ಕೈಯಿಂದ ಹಗ್ಗವನ್ನು ತಾನು ತೆಗೆದುಕೊಂಡ.